ಎಲ್ಲಿ ನಿಂತು ತೆಗೆದೆ, ಎಲ್ಲಿಗೆ ಕಳಿಸಿದೆ?

ಬೀದರಿಗೆ ಕ್ಯಾಮೆರಾ ಹಿಡಿದು ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇಲ್ಲಿ ಫೋಟೊ ತೆಗೀಬಹುದೇನ್ರಿ?’ ಕೋಟೆಯ ಬಾಗಿಲಲ್ಲಿ, ಮಹಮೂದ್ ಗಾವಾನನ ಮದರಸಾದ ಎದುರು, ಅಷ್ಟೂರಿನ ಗುಮ್ಮಟಗಳ ಹತ್ತಿರ, ಗುರುದ್ವಾರದ ಅಂಗಳದಲ್ಲಿ, ವಾಯುಪಡೆ ನೆಲೆಯ ಬೇಲಿಯ ಪಕ್ಕದ ರಸ್ತೆಯಲ್ಲಿ ಇದೇ ಪ್ರಶ್ನೆ. ಉತ್ತರ ಕೊಡುವವರು ಕಾವಲುಗಾರ, ಒಂದು ಬೋರ್ಡು, ಅದೂ ಇಲ್ಲದಿದ್ದರೆ ಪಕ್ಕದ ಚಹಾ ಅಂಗಡಿಯವರು. ಹೌದು ಎಂದರೆ ಕ್ಲಿಕ್ಕು, ಇಲ್ಲ ಎಂದರೆ ಕ್ಯಾಮೆರಾ ಚೀಲದೊಳಗೆ. ಅಲ್ಲಿಗೆ ಕಾನೂನಿನ ಮಾತು ಮುಗಿಯಿತು ಎಂದು ನಾವು ತಿಳಿದಿದ್ದೇವೆ.

ಕನ್ನಡದಲ್ಲಿ ಛಾಯಾಚಿತ್ರಗಳ ಬಗ್ಗೆ ನಡೆಯುವ ಚರ್ಚೆಯೂ ಬಹುಮಟ್ಟಿಗೆ ಇದೇ ಹಾದಿಯದು. ಬೆಳಕು ಹೇಗಿದೆ, ಕೋನ ಹೇಗಿದೆ, ಆ ಕ್ಷಣ ಹೇಗೆ ಸಿಕ್ಕಿತು ಎಂದು ಮಾತಾಡುತ್ತೇವೆ. ತೆಗೆದ ಗಳಿಗೆಯೇ ಚಿತ್ರದ ಪೂರ್ತಿ ಜೀವನ ಎನ್ನುವಂತೆ. ಆದರೆ ತೆಗೆದ ಮೇಲೆ ಚಿತ್ರ ಎಲ್ಲಿಗೆ ಹೋಯಿತು, ಯಾರ ಕೈಗೆ ಸಿಕ್ಕಿತು, ಅದರ ಕೆಳಗೆ ಯಾವ ಸಾಲು ಬಂತು ಎನ್ನುವುದು ವಿಮರ್ಶೆಯ ವಿಷಯವೇ ಅಲ್ಲ ಎಂಬಂತಿದ್ದೇವೆ. ಫೋಟೊಗಳಿಗೆ ಸಂಬಂಧಿಸಿದ ಕಾಯ್ದೆಗಳನ್ನು ಒಂದು ಪಠ್ಯವೆಂದು ಕೂತು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಬೋರ್ಡು ಜಾಗದ ಬಗ್ಗೆ ಮಾತಾಡುತ್ತದೆ. ಕಾಯ್ದೆ ಹೆಚ್ಚು ತಲೆಕೆಡಿಸಿಕೊಂಡಿರುವುದು ಬಳಕೆಯ ಬಗ್ಗೆ. ಈ ವ್ಯತ್ಯಾಸ ಬೀದರ್ ಜಿಲ್ಲೆಯಷ್ಟು ಸ್ಪಷ್ಟವಾಗಿ ಕಾಣುವ ಕಡೆಗಳು ಕಡಿಮೆ.

ಮೊದಲು ಕಲ್ಲಿನಿಂದ ಶುರು ಮಾಡೋಣ. ಬೀದರ್ ಕೋಟೆ, 1472ರಲ್ಲಿ ಕಟ್ಟಿದ ಗಾವಾನನ ಮದರಸಾ, ಅಷ್ಟೂರಿನ ಬಹಮನಿ ಗೋರಿಗಳು ಕೇಂದ್ರ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ಇವಕ್ಕೆ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು 1959ರ ನಿಯಮಗಳು. ಕೈಯಲ್ಲಿ ಹಿಡಿದು ತೆಗೆಯುವ ಕ್ಯಾಮೆರಾಕ್ಕೆ ಹೆಚ್ಚಿನ ತಕರಾರಿಲ್ಲ. ಟ್ರೈಪಾಡು, ದೀಪ, ಸಿನಿಮಾ ತಂಡ ಬಂದರೆ ಮುಂಗಡ ಅನುಮತಿ ಬೇಕು. 2018ರ ಜುಲೈಯಲ್ಲಿ ಇಲಾಖೆ ಇನ್ನಷ್ಟು ಸಡಿಲವಾಯಿತು. ಅಜಂತಾ ಗುಹೆಗಳು, ಲೇಹ್ ಅರಮನೆಯ ಚಿತ್ರಗಳು, ತಾಜ್ ಮಹಲಿನ ಒಳಗೋರಿ ಇವಿಷ್ಟನ್ನು ಬಿಟ್ಟು ಉಳಿದ ಸಂರಕ್ಷಿತ ಸ್ಮಾರಕಗಳಲ್ಲಿ ಫೋಟೊ ತೆಗೆಯಲು ಅವಕಾಶ ಎಂದು ಪ್ರಕಟಿಸಿತು. ಇಲ್ಲಿನ ತರ್ಕ ಸರಳ. ಕಲ್ಲಿಗೆ, ಬಣ್ಣಕ್ಕೆ ಏಟಾಗಬಾರದು. ಫೋಟೊ ಆಮೇಲೆ ಎಲ್ಲಿಗೆ ಹೋದರೂ ಕಲ್ಲಿಗೆ ಬೇಸರವಿಲ್ಲ.

ಬೀದರಿನ ಫೋಟೊಗಳ ಪರಂಪರೆಯೂ ಕಲ್ಲಿನದ್ದೇ. ನಿಜಾಮರ ಸಂಸ್ಥಾನದ ಪುರಾತತ್ವ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಹೊರತಂದ ಬೀದರ್ ಸ್ಮಾರಕಗಳ ದೊಡ್ಡ ಗ್ರಂಥ ಇವತ್ತಿಗೂ ಈ ಊರಿನ ಕಟ್ಟಡಗಳನ್ನು ಓದುವವರಿಗೆ ಮೊದಲ ಮೆಟ್ಟಿಲು. ಅದರ ಚಿತ್ರಗಳು ಸಮೀಕ್ಷೆಗಾಗಿ ತೆಗೆದವು. ಕಮಾನು, ಗುಮ್ಮಟ, ಹೆಂಚುಗೆಲಸವೇ ಅಲ್ಲಿನ ಪಾತ್ರಧಾರಿಗಳು. ಅಂಥ ಗ್ರಂಥಕ್ಕೆ ಅದು ಸರಿಯಾದ ಆಯ್ಕೆ. ತೊಂದರೆ ಇರುವುದು ನಂತರ ಬಂದ ನಮ್ಮಲ್ಲಿ. ಪ್ರವಾಸೋದ್ಯಮದ ಪೋಸ್ಟರುಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಬೀದರ್ ಎಂದರೆ ಇನ್ನೂ ಜನರಿಲ್ಲದ ಊರು. ಬೆಳಗಿನ ಬಿಸಿಲು, ಖಾಲಿ ಕಮಾನು, ಒಂದೆರಡು ಪಾರಿವಾಳ. ಅಷ್ಟೂರಿನ ಅಹ್ಮದ್ ಶಾ ವಲಿಯ ಗೋರಿಯನ್ನೇ ನೋಡಿ. ಒಳಗಿನ ಬಣ್ಣದ ಚಿತ್ತಾರಕ್ಕಾಗಿ ಅದು ಸ್ಮಾರಕ. ಆದರೆ ಉರುಸಿನ ದಿನ ಅದೇ ಜಾಗ ಜೀವಂತ ಶ್ರದ್ಧೆಯ ನೆಲೆ. ಮುಸ್ಲಿಮರಿಗೆ ವಲಿಯಾಗಿ, ಹಿಂದೂಗಳಲ್ಲಿ ಹಲವರಿಗೆ ಅಲ್ಲಮಪ್ರಭುವಾಗಿ ಕಾಣುವ ಆ ದೊರೆಯ ಮುಂದೆ ಜನ ಕಣ್ಣುಮುಚ್ಚಿ ನಿಲ್ಲುತ್ತಾರೆ. ಕಲ್ಲಿಗಾಗಿ ಬರೆದ ನಿಯಮ ಹಾಗೆ ಕಣ್ಣುಮುಚ್ಚಿ ನಿಂತವರ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಆಕಾಶ. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಸೂರ್ಯಕಿರಣ ತಂಡದ ವಿಮಾನಗಳ ನೆಲೆಯೂ ಇದೇ. ಇಲ್ಲಿನ ಮಕ್ಕಳು ಮಾಳಿಗೆ ಹತ್ತಿ ಆ ಕಸರತ್ತನ್ನು ಪುಕ್ಕಟೆ ನೋಡಿ ಬೆಳೆದವರು. ನೆಲೆಯ ಸುತ್ತ ಛಾಯಾಗ್ರಹಣ ನಿಷೇಧದ ಮಾತು ಬಂದಾಗ ಬೆನ್ನಿಗಿರುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದು ‘ನಿಷೇಧಿತ ಸ್ಥಳ’ ಎಂಬ ಪದವನ್ನೇ ವ್ಯಾಖ್ಯಾನಿಸುತ್ತದೆ. ಆದರೆ ಅಷ್ಟು ಕಠಿಣವಾದ ಆ ಕಾಯ್ದೆಯ 3ನೇ ಸೆಕ್ಷನ್ ಕೂಡ ಜಾಗದ ಜೊತೆಗೆ ಉದ್ದೇಶವನ್ನು ಕೇಳುತ್ತದೆ: ದೇಶದ ಭದ್ರತೆಗೆ ಅಥವಾ ಹಿತಕ್ಕೆ ಧಕ್ಕೆ ತರುವ ಉದ್ದೇಶವಿತ್ತೇ? ಸಮಾಧಾನ ಪಡುವ ಮುಂಚೆ ಮುಂದಿನ ಸಾಲನ್ನೂ ಓದಬೇಕು. ಸಂದರ್ಭ ನೋಡಿ ಉದ್ದೇಶವನ್ನು ಊಹಿಸಬಹುದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಗೇಟಿನ ಮುಂದೆ ನಿಂತು ವಾದ ಮಾಡುವುದು ಜಾಣತನವಲ್ಲ. ಡ್ರೋನ್ ಹಾರಿಸಿ ಕೋಟೆಯ ಚಿತ್ರ ತೆಗೆಯಲು ಬರುವವರಿಗೆ 2021ರ ಡ್ರೋನ್ ನಿಯಮಗಳಿವೆ. ಕೆಂಪು, ಹಳದಿ, ಹಸಿರು ವಲಯಗಳ ನಕ್ಷೆ ನೋಡದೆ, ವಿಮಾನ ನಿಲ್ದಾಣವಿರುವ ಊರಿನಲ್ಲಿ ಡ್ರೋನ್ ಎತ್ತುವಂತಿಲ್ಲ.

ಕಲ್ಲು ಮತ್ತು ಆಕಾಶದ ನಡುವೆ ಇನ್ನೊಂದು ವಿಚಿತ್ರ ಗೆರೆಯಿದೆ. ಬಸವಕಲ್ಯಾಣದ 108 ಅಡಿ ಎತ್ತರದ ಬಸವಣ್ಣನ ಪ್ರತಿಮೆಯ ಫೋಟೊ ತೆಗೆದು ಅಚ್ಚು ಹಾಕಿಸಿ ಮಾರಬಹುದೇ? ಮಾರಬಹುದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಫೋಟೊ ತೆಗೆಯುವುದು, ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್. ಕಟ್ಟಡಗಳಿಗೂ ಅದೇ ವಿನಾಯಿತಿ. ಆದರೆ ಅದೇ ಊರಿನ ಗೋಡೆಯ ಮೇಲೆ ಕಲಾವಿದನೊಬ್ಬ ಇತ್ತೀಚೆಗೆ ಬರೆದ ಬಸವಣ್ಣನ ವರ್ಣಚಿತ್ರವಿದ್ದರೆ? ಸ್ಥಿರ ಚಿತ್ರಗಳಿಗಿರುವ ಆ ವಿನಾಯಿತಿಯ ಸಾಲಿನಲ್ಲಿ ವರ್ಣಚಿತ್ರದ ಹೆಸರಿಲ್ಲ. ಎರಡೂ ಒಂದೇ ರಸ್ತೆಯಲ್ಲಿವೆ, ಎರಡನ್ನೂ ಎಲ್ಲರೂ ನೋಡುತ್ತಾರೆ. ಮುಂಬೈಯ ಗೋಡೆಚಿತ್ರವೊಂದನ್ನು ವಿಮಾ ಕಂಪನಿಯೊಂದು ತನ್ನ ಜಾಹೀರಾತಿನೊಳಗೆ ತಂದದ್ದಕ್ಕೆ 2023ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ವ್ಯಾಜ್ಯ ನಡೆದು, ಆನ್‌ಲೈನಿನ ಆ ಜಾಹೀರಾತು ಚಿತ್ರಗಳನ್ನು ತೆಗೆಯಲು ಮಧ್ಯಂತರ ಆದೇಶವಾಯಿತು. ಆ ದಾರಿಯಲ್ಲಿ ಹೋಗುವವರು ನೆನಪಿಗೆಂದು ಅದೇ ಗೋಡೆಯ ಫೋಟೊ ತೆಗೆದುಕೊಂಡಾಗ ಏಳದಿದ್ದ ಜಗಳ, ಚಿತ್ರ ಸರಕು ಮಾರಲು ಹೊರಟಾಗ ಎದ್ದಿತು.

ಈಗ ಜನರ ಹತ್ತಿರ ಬರೋಣ. ಬೀದರ್ ತಾಲ್ಲೂಕಿನ ಬಗದಲ್‌ನಂಥ ಊರಿನ ಬಸ್ ನಿಲ್ದಾಣವಿರಲಿ, ಔರಾದಿನ ಸಂತೆಯಿರಲಿ, ತಲೆಯ ಮೇಲೆ ಸೆರಗು ಹೊದ್ದು ತರಕಾರಿ ಮಾರುತ್ತ ಕೂತ ಆಯಿಯ ಮುಂದೆ ಕ್ಯಾಮೆರಾ ಎತ್ತಿದರೆ ಬರುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ಯಾಕ ತಗೀಲತ್ತಿ ತಮ್ಮಾ? ಎಲ್ಲಿಗಿ ಕಳಸ್ತಿ ಇದಕ?’ ನಾವು ಇದನ್ನು ಹಳ್ಳಿಯ ಮುಗ್ಧತೆಯೆಂದು ನಕ್ಕು ಮುಂದೆ ಹೋಗುತ್ತೇವೆ. ಆಕೆ ಫೋಟೊ ತೆಗೆಯಬೇಡ ಎನ್ನಲಿಲ್ಲ. ಇಲ್ಲಿ ನಿಂತು ತೆಗೆಯಬಹುದೇ ಎಂಬ ಪ್ರಶ್ನೆಯೂ ಆಕೆಯದಲ್ಲ, ಸಂತೆ ಎಲ್ಲರದ್ದು ಎಂದು ಆಕೆಗೆ ಗೊತ್ತು. ಆಕೆ ಕೇಳಿದ್ದು ಚಿತ್ರದ ಮುಂದಿನ ಪಯಣದ ಬಗ್ಗೆ.

ರಸ್ತೆಯಲ್ಲಿ, ಸಂತೆಯಲ್ಲಿ ಫೋಟೊ ತೆಗೆಯಲು ಅನುಮತಿ ಬೇಕು ಎನ್ನುವ ಸಾಮಾನ್ಯ ಕಾಯ್ದೆ ನಮ್ಮಲ್ಲಿಲ್ಲ. ಇದರಿಂದ ಅನೇಕರು ‘ಸಾರ್ವಜನಿಕ ಸ್ಥಳ, ಹಾಗಾಗಿ ಏನು ಮಾಡಿದರೂ ನಡೆಯುತ್ತದೆ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅದು ತಪ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅಲ್ಲಿ ಬಂದ ಮುಖ್ಯ ವಿಚಾರವೊಂದು ಫೋಟೊ ತೆಗೆಯುವ ಪ್ರತಿಯೊಬ್ಬರೂ ತಿಳಿದಿರಬೇಕಾದ್ದು: ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಕಳೆದುಕೊಳ್ಳುವುದಿಲ್ಲ, ಏಕೆಂದರೆ ಖಾಸಗಿತನ ಅಂಟಿಕೊಂಡಿರುವುದು ಜಾಗಕ್ಕಲ್ಲ, ವ್ಯಕ್ತಿಗೆ. 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು, ಒಬ್ಬರ ಹೆಸರನ್ನೋ ರೂಪವನ್ನೋ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದನ್ನು ಖಾಸಗಿತನದ ಉಲ್ಲಂಘನೆಗೆ ಉದಾಹರಣೆಯಾಗಿ ಕೊಟ್ಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಮನೆಮಟ್ಟಿನ ಸ್ವಂತ ಬಳಕೆಯನ್ನು ಹೊರಗಿಟ್ಟು, ಉಳಿದ ಬಳಕೆಗೆ ನಿಯಮ ಹಾಕುತ್ತದೆ.

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೋ ರೈಲುಗಳಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಿಲ್ಲದಂತೆ ಸೆರೆಹಿಡಿದು ಇನ್‌ಸ್ಟಾಗ್ರಾಂ ಪುಟವೊಂದರಲ್ಲಿ ಹಾಕುತ್ತಿದ್ದದ್ದು ಬಯಲಾಗಿ ಪೊಲೀಸ್ ಕೇಸಾಯಿತು. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಕದ್ದುನೋಡುವ ಅಪರಾಧದ ಬಗ್ಗೆ ಹೇಳುತ್ತದೆ. ಆದರೆ ಅದು ಸ್ನಾನ, ಶೌಚ, ಖಾಸಗಿ ಗಳಿಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸೆಕ್ಷನ್. ಮೆಟ್ರೋದಲ್ಲಿ ಕೆಲಸಕ್ಕೆ ಹೊರಟು ನಿಂತ ಹುಡುಗಿ ಅದರ ಚೌಕಟ್ಟಿನೊಳಗೆ ಸಲೀಸಾಗಿ ಕೂರುವುದಿಲ್ಲ. ಬಟ್ಟೆ ಸರಿಯಾಗಿದೆ, ಜಾಗ ಸಾರ್ವಜನಿಕ, ಚಿತ್ರದಲ್ಲಿ ‘ಕೆಟ್ಟದ್ದು’ ಏನೂ ಇಲ್ಲ. ಕೆಟ್ಟದ್ದಿರುವುದು ಚಿತ್ರವನ್ನು ಒಯ್ದಿಟ್ಟ ಪುಟದಲ್ಲಿ, ಆ ಪುಟದ ಹೆಸರಿನಲ್ಲಿ, ಕೆಳಗೆ ಬಂದ ಮಾತುಗಳಲ್ಲಿ. ಇದನ್ನು ಫೋಟೊವನ್ನಷ್ಟೇ ನೋಡುವ ವಿಮರ್ಶೆ ಹಿಡಿಯಲಾರದು. ಜಾಗವನ್ನಷ್ಟೇ ನೋಡುವ ಬೋರ್ಡೂ ಹಿಡಿಯಲಾರದು.

ಮದುವೆ ಸುಗ್ಗಿಯ ಭಾಲ್ಕಿಗೆ ಹೋದರೆ ಇದೇ ಪ್ರಶ್ನೆ ಸಂಭ್ರಮದ ವೇಷದಲ್ಲಿ ಸಿಗುತ್ತದೆ. ಮದುವೆಯ ಫೋಟೊ ಯಾರದ್ದು? ತೆಗೆದವರದ್ದು ಎಂಬುದು ಸ್ಟುಡಿಯೋದವರ ನಂಬಿಕೆ. ತೆಗೆದವರೇ ಅದರ ಕರ್ತೃ ಎಂಬುದು ನಿಜ. ಆದರೆ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಹಾಗಾದರೆ ಮದುಮಗಳ ಚಿತ್ರವನ್ನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೂ, ಅಂಗಡಿಯ ಫ್ಲೆಕ್ಸಿಗೆ ಹಾಕುವುದಕ್ಕೂ ಕೇಳಬೇಕು. ಇಲ್ಲಿ ಸೂಕ್ಷ್ಮವೊಂದಿದೆ. ಹಣ ಕೊಟ್ಟವರು ಸಾಮಾನ್ಯವಾಗಿ ಹುಡುಗಿಯ ಅಪ್ಪ ಅಥವಾ ಹುಡುಗನ ಮನೆಯವರು. ಕಾಯ್ದೆಯ ಲೆಕ್ಕದಲ್ಲಿ ಒಡೆಯರು ಅವರು, ಚಿತ್ರದೊಳಗೆ ಇರುವವಳಲ್ಲ. ಇತ್ತ ಪತ್ರಿಕೆಗಳಿಗೆ ತಾಲ್ಲೂಕಿನಿಂದ ಬಿಡಿಯಾಗಿ ಫೋಟೊ ಕಳಿಸುವ ಹುಡುಗರ ಸ್ಥಿತಿ ತಿರುವುಮುರುವು. ಪತ್ರಿಕೆಯ ನೌಕರ ತೆಗೆದದ್ದು ಪ್ರಕಟಣೆಯ ಮಟ್ಟಿಗೆ ಪತ್ರಿಕೆಯದ್ದು. ನೌಕರನಲ್ಲದವನು ಸ್ವಂತಕ್ಕೆ ತೆಗೆದು ಕಳಿಸಿದ್ದು, ಬರೆದುಕೊಡದ ಹೊರತು, ಅವನದ್ದೇ. ಅವನಿಗೆ ಅದನ್ನು ಹೇಳಿದವರು ಕಡಿಮೆ.

ಬೀದರಿನ ಮೇಲೆ ಬರುವ ಯಾವ ಸಚಿತ್ರ ಲೇಖನದಲ್ಲೂ ತಪ್ಪದ ಒಂದು ಚಿತ್ರವಿದೆ: ಬಿದ್ರಿ ಕೆಲಸಗಾರನ ಕೈ. ಕಪ್ಪು ಲೋಹ, ಬೆಳ್ಳಿಯ ತಂತಿ, ಉಳಿ, ಬೆರಳು. ಮುಖವಿಲ್ಲ. ಕೆಳಗೆ ‘ಬಿದ್ರಿ ಕುಶಲಕರ್ಮಿಯ ಕೈಚಳಕ’ ಎಂಬ ಧಾಟಿಯ ಸಾಲು. ಚಿತ್ರ ಚೆನ್ನಾಗಿರುತ್ತದೆ, ಮತ್ತು ಅದೇ ಅದರ ಸಮಸ್ಯೆ. ಕೈ ಪರಂಪರೆಯದ್ದಾಗುತ್ತದೆ, ಮನುಷ್ಯನದ್ದಾಗುವುದಿಲ್ಲ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಆ ಕಲೆಗೆ ಒಂದು ಮುಖ, ಒಂದು ಹೆಸರು ಸಿಕ್ಕಿತು. ಉಳಿದವರು ಇನ್ನೂ ಕೈಗಳೇ. ಕಾನೂನು ಇಲ್ಲಿ ಒಂದು ಕಡೆ ಮಾತ್ರ ವಾಲಿದೆ. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಫೋಟೊ ತೆಗೆದವರಿಗೆ ‘ಇದು ನನ್ನದು’ ಎಂದು ಹೆಸರು ಕೇಳುವ ನೈತಿಕ ಹಕ್ಕು ಕೊಡುತ್ತದೆ. ಕೃತಿಯನ್ನು ಮಾರಿದ ಮೇಲೂ ಆ ಹಕ್ಕು ಹೋಗುವುದಿಲ್ಲ. ಫೋಟೊದೊಳಗೆ ಕೂತವರಿಗೆ ‘ನನ್ನ ಹೆಸರು ಬರೆಯಿರಿ’ ಎನ್ನುವ ಅಂಥ ಹಕ್ಕನ್ನು ಆ ಕಾಯ್ದೆ ಕೊಟ್ಟಿಲ್ಲ. ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ನಿಜ. ಅದು ಬಿದ್ರಿ ಎಂಬ ಹೆಸರನ್ನು ಸಮುದಾಯಕ್ಕೆ ಕಾಯುತ್ತದೆ. ಒಬ್ಬ ಕೆಲಸಗಾರ ತಿಂಗಳುಗಟ್ಟಲೆ ಕೂತು ಕಟ್ಟಿದ ಹೊಸ ವಿನ್ಯಾಸ ಒಂದು ಮೊಬೈಲ್ ಫೋಟೊದಲ್ಲಿ ಬೇರೆ ಊರಿನ ಅಚ್ಚಿನ ಮನೆಗೆ ಹೋಗುವುದನ್ನು ಆ ಹೆಸರು ತಡೆಯುವುದಿಲ್ಲ. ಅಂಗಡಿಗಳಲ್ಲಿ ಹೊಸ ಮಾಲಿನ ಫೋಟೊ ಬೇಡ ಎಂದರೆ ಅದನ್ನು ಒರಟುತನ ಎನ್ನುವ ಮೊದಲು ಇದನ್ನು ಯೋಚಿಸಬೇಕು.

ಇಷ್ಟೂ ಮಾತು ಒಂದೇ ಕಡೆ ಬಂದು ನಿಲ್ಲುವ ಪ್ರಕರಣವೊಂದು ಬೀದರಿನಲ್ಲೇ ನಡೆದಿದೆ. 2020ರ ಜನವರಿಯಲ್ಲಿ ನಗರದ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕವಾಡಿದರು. ಅದರ ವಿಡಿಯೋ ಫೇಸ್‌ಬುಕ್ಕಿಗೆ ಹೋಯಿತು. ದೇಶದ್ರೋಹದ ದೂರು ದಾಖಲಾಯಿತು. ಶಿಕ್ಷಕಿಯೊಬ್ಬರು, ವಿದ್ಯಾರ್ಥಿನಿಯ ತಾಯಿಯೊಬ್ಬರು ಜೈಲಿಗೆ ಹೋದರು. ಮಕ್ಕಳ ವಿಚಾರಣೆ ಮತ್ತೆ ಮತ್ತೆ ನಡೆಯಿತು. ಆ ವಿಚಾರಣೆಯ ಫೋಟೊಗಳು ಹೈಕೋರ್ಟಿನ ಮುಂದೆ ಬಂದವು. 2021ರ ಆಗಸ್ಟಿನಲ್ಲಿ ನ್ಯಾಯಾಲಯ, ಸಮವಸ್ತ್ರ ತೊಟ್ಟ, ಕೆಲವರು ಆಯುಧವನ್ನೂ ಹೊಂದಿದ್ದ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದ್ದು ಬಾಲನ್ಯಾಯ ಕಾಯ್ದೆಗೆ ವಿರುದ್ಧ ಎಂದು ಆ ಚಿತ್ರಗಳನ್ನು ನೋಡಿಯೇ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ದೇಶದ್ರೋಹದ ಪ್ರಕರಣವನ್ನೇ ರದ್ದುಮಾಡಿತು. ಆಗ ಅದು ಗಮನಿಸಿದ ಒಂದು ಅಂಶ: ನಾಟಕ ನಡೆದದ್ದು ಶಾಲೆಯ ಆವರಣದೊಳಗೆ, ಹೊರಗಿನ ಜನಕ್ಕೆ ಗೊತ್ತಾದದ್ದು ವಿಡಿಯೋ ಹಾಕಿದ ಮೇಲೆ.

ಇಲ್ಲಿ ಎರಡು ಬಗೆಯ ಚಿತ್ರಗಳಿವೆ. ಮೊದಲನೆಯದು ನಾಟಕದ ವಿಡಿಯೋ. ಶಾಲೆಯ ಅಂಗಳದಲ್ಲಿ ತಾಯಂದಿರ ಮುಂದೆ ಅದು ಮಕ್ಕಳ ಕಾರ್ಯಕ್ರಮ. ಫೇಸ್‌ಬುಕ್ಕಿನಲ್ಲಿ ಅಪರಿಚಿತರ ಮುಂದೆ ಅದು ದೂರಿನ ದಾಖಲೆ. ಒಂದು ಚೌಕಟ್ಟೂ ಬದಲಾಗಿಲ್ಲ, ನೋಡುವವರು ಬದಲಾದರು. ಎರಡನೆಯದು ವಿಚಾರಣೆಯ ಫೋಟೊ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಆರೋಪ ಹೊತ್ತ, ಸಾಕ್ಷಿಯಾದ, ನೊಂದ ಮಕ್ಕಳ ಗುರುತು ಹಚ್ಚಬಲ್ಲ ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹಾಗಾಗಿ ಅಂಥ ಫೋಟೊ ಮುಖ ಮಸುಕು ಮಾಡದೆ ಪತ್ರಿಕೆಗೆ ಬಂದರೆ ಮಕ್ಕಳಿಗೆ ಮತ್ತೊಂದು ಏಟು. ಅದೇ ಫೋಟೊ ನ್ಯಾಯಪೀಠದ ಮೇಜಿಗೆ ಹೋದರೆ ಮಕ್ಕಳ ರಕ್ಷಣೆ. ‘ಶಾಲೆಯೊಳಗೆ ಫೋಟೊ ನಿಷೇಧ’ ಎಂಬ ಬೋರ್ಡು ಬಾಗಿಲಲ್ಲಿ ನೇತಾಡಿ ಎಲ್ಲರೂ ಅದನ್ನು ಪಾಲಿಸಿದ್ದರೆ, ದೂರಿಗೆ ದಾಖಲೆ ಸಿಗುತ್ತಿರಲಿಲ್ಲ. ಪೊಲೀಸರ ನಡೆ ತಪ್ಪೆಂದು ತೋರಿಸಲು ಸಾಕ್ಷಿಯೂ ಇರುತ್ತಿರಲಿಲ್ಲ.

ಈ ಕಾರಣಕ್ಕೇ ‘ಎಲ್ಲ ಕಡೆ ನಿಷೇಧಿಸಿ’ ಎನ್ನುವವರ ಜೊತೆಗೂ, ‘ಸಾರ್ವಜನಿಕ ಎಂದ ಮೇಲೆ ಎಲ್ಲ ಬಿಟ್ಟಿ’ ಎನ್ನುವವರ ಜೊತೆಗೂ ನಾನಿಲ್ಲ. 2025ರ ಜನವರಿ 16ರಂದು ಬೀದರಿನ ನಡುರಸ್ತೆಯಲ್ಲಿ ಎಟಿಎಂಗೆ ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ದರೋಡೆ ಮಾಡಿದ ದಿನ, ಗಂಟೆಯೊಳಗೆ ಅದರ ದೃಶ್ಯಗಳು ಮೊಬೈಲುಗಳಲ್ಲಿ ಹರಿದಾಡಿದವು. ಓಡುವ ದರೋಡೆಕೋರರ ದೃಶ್ಯ ತನಿಖೆಗೆ ಬೇಕಾದದ್ದು. ನೆಲಕ್ಕೆ ಬಿದ್ದವನ ದೃಶ್ಯ ವಾಟ್ಸಾಪ್ ಗುಂಪಿಗೆ ಯಾಕೆ ಬೇಕಿತ್ತು? ಎರಡೂ ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿನಲ್ಲಿ ತೆಗೆದವು. ತೆಗೆಯುವವರಿಗೆ ಆ ಗಳಿಗೆಯಲ್ಲಿ ಯೋಚಿಸಲು ಪುರುಸೊತ್ತಿರಲಿಲ್ಲ ಎಂದು ಒಪ್ಪೋಣ. ಕಳಿಸುವವರಿಗೆ ಇತ್ತು. ಹೆಬ್ಬೆರಳು ಬಟನ್ನಿನ ಮೇಲೆ ಇರುವ ಆ ಎರಡು ಸೆಕೆಂಡನ್ನು ಕಾಯಲು ಪ್ರತಿಯೊಬ್ಬರ ಪಕ್ಕ ಒಬ್ಬ ಪೊಲೀಸನನ್ನು ನಿಲ್ಲಿಸಲಾಗುವುದಿಲ್ಲ.

ಕಾನೂನಿಗೆ ಸಿಗದ ಇಂಥ ಕಡೆಯೇ ವಿಮರ್ಶೆಗೆ ಕೆಲಸವಿರುವುದು. ಕತೆಯೊಂದನ್ನು ಓದುವಾಗ ನಾವು ನಿರೂಪಕ ಯಾರು, ಯಾರ ಪರವಾಗಿ ಮಾತಾಡುತ್ತಿದ್ದಾನೆ, ಯಾರಿಗೆ ಹೇಳುತ್ತಿದ್ದಾನೆ ಎಂದು ಕೇಳಲು ಕಲಿತಿದ್ದೇವೆ. ತರಗತಿಗಳಲ್ಲಿ ಅದನ್ನೇ ಕಲಿಸುತ್ತಾರೆ. ಫೋಟೊದ ಮುಂದೆ ಮಾತ್ರ ಆ ಪ್ರಶ್ನೆಗಳನ್ನು ಮರೆತು, ಬೆಳಕನ್ನು ಹೊಗಳಿ ಸುಮ್ಮನಾಗುತ್ತೇವೆ. ಛಾಯಾಚಿತ್ರದ ಸ್ಪರ್ಧೆಗೆ ತೀರ್ಪುಗಾರರಾಗುವವರು, ಪತ್ರಿಕೆಗೆ ಚಿತ್ರ ಆರಿಸುವವರು, ಈ ಜಿಲ್ಲೆಯ ಮೇಲೆ ಚಿತ್ರಸಂಪುಟ ತರುವವರು ಚಿತ್ರದ ಜೊತೆ ನಾಲ್ಕು ವಿಷಯ ಕೇಳಿ ಪಡೆಯುವುದು ದೊಡ್ಡ ಕೆಲಸವೇನಲ್ಲ: ಒಳಗಿರುವವರ ಹೆಸರು, ತೆಗೆದ ಊರು ಮತ್ತು ದಿನ, ಎಲ್ಲಿ ಪ್ರಕಟವಾಗುತ್ತದೆ ಎಂದು ಅವರಿಗೆ ಹೇಳಿದ್ದೀರಾ, ಹೆಸರು ಬೇಡ ಎಂದರೆ ಯಾಕೆ ಬೇಡ ಎಂದರು. ಕೊನೆಯ ಪ್ರಶ್ನೆ ಮುಖ್ಯ. ಬಿದ್ರಿಯವನಿಗೆ ಹೆಸರು ಬೇಕಿರಬಹುದು, ವಿಚಾರಣೆಗೆ ಕೂತ ಮಗುವಿಗೆ ಹೆಸರೇ ಅಪಾಯ. ಒಬ್ಬರಿಗೆ ತೋರಿಸುವುದು ನ್ಯಾಯ, ಇನ್ನೊಬ್ಬರಿಗೆ ಮರೆಮಾಡುವುದು ನ್ಯಾಯ. ಯಾವುದು ಯಾವಾಗ ಎಂಬುದನ್ನು ಯಾವ ಬೋರ್ಡೂ ಬರೆದು ಹೇಳಲಾರದು, ಚಿತ್ರದೊಳಗಿನವರನ್ನೇ ಕೇಳಬೇಕು.

ಔರಾದಿನ ಸಂತೆಯ ಫೋಟೊ ಒಂದು ದಿನ ಬೆಂಗಳೂರಿನ ಗ್ಯಾಲರಿಯ ಗೋಡೆಗೆ ಬರಬಹುದು. ಜನ ಅದರ ಮುಂದೆ ನಿಂತು ಸುಕ್ಕುಗಟ್ಟಿದ ಮುಖದ ಬೆಳಕನ್ನು ಮೆಚ್ಚಬಹುದು. ಕೆಳಗೆ ‘ಗ್ರಾಮೀಣ ಮಹಿಳೆ, ಉತ್ತರ ಕರ್ನಾಟಕ’ ಎಂದಷ್ಟೇ ಇದ್ದರೆ ಆ ಚಿತ್ರ ಕಾನೂನಿನ ಪ್ರಕಾರ ಸರಿಯಿದ್ದೂ ಅಪೂರ್ಣ. ಅದನ್ನು ಅಪೂರ್ಣ ಎಂದು ಬರೆಯುವ ಧೈರ್ಯ ಕನ್ನಡದ ಛಾಯಾಚಿತ್ರ ವಿಮರ್ಶೆಗೆ ಬರಬೇಕು.